ಬೆಳ್ಳಕ್ಕಿಯ ಅಂಚು: ನ್ಯೂಕ್, ಫ್ಯೂಷನ್, ಬ್ಲೆಂಡರ್ ಮೂರರಲ್ಲೂ ಕಂಪಾಸಿಟಿಂಗ್ ಮಾಡಿ ನೋಡಿದಾಗ

ವಿಎಫ್‌ಎಕ್ಸ್ (ದೃಶ್ಯ ಪರಿಣಾಮಗಳ) ಕೋರ್ಸಿನ ಕೊನೆಯ ಪ್ರಾಜೆಕ್ಟ್‌ಗಾಗಿ, ಕೆರೆಯ ದಂಡೆಯಲ್ಲಿ ಚಿತ್ರೀಕರಿಸಿದ ಒಂದು ಶಾಟ್‌ನಲ್ಲಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೂಪಿಸಿದ ಬೆಳ್ಳಕ್ಕಿಯನ್ನು ಇಳಿಸಬೇಕಿತ್ತು. ರೆಂಡರ್, ಅಂದರೆ 3ಡಿ ದೃಶ್ಯದಿಂದ ತೆಗೆದ ಚಿತ್ರಗಳು, ಎಲ್ಲಕ್ಕೂ ಒಂದೇ, ಬ್ಲೆಂಡರ್‌ನ ಸೈಕಲ್ಸ್ ಎಂಜಿನ್‌ನದು. ಅದನ್ನು ಚಿತ್ರೀಕರಿಸಿದ ಶಾಟ್‌ನೊಂದಿಗೆ ಬೆರೆಸುವ ಕೆಲಸವಾದ ಕಂಪಾಸಿಟಿಂಗನ್ನು ಮಾತ್ರ ಬ್ಲೆಂಡರ್‌ನದೇ ಕಂಪಾಸಿಟರ್, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೊಳಗಿನ ಫ್ಯೂಷನ್ ಮತ್ತು ನ್ಯೂಕ್ ನಾನ್-ಕಮರ್ಷಿಯಲ್, ಈ ಮೂರರಲ್ಲೂ ಮಾಡಿ ನೋಡಿದೆ. ಯಾವುದಕ್ಕೂ ಹಣ ಕೊಡಬೇಕಿಲ್ಲ. ನನ್ನ ಆಯ್ಕೆ ನ್ಯೂಕ್, ಮತ್ತು ಅದನ್ನು ನಿರ್ಧರಿಸಿದ್ದು ಹಕ್ಕಿಯ ರೆಕ್ಕೆಯ ಅಂಚು.

ಬಿಳಿ ಗರಿಗಳು ಬೆಳಗುವ ಆಕಾಶದ ಎದುರಿಗೆ ಬಂದಾಗ ಅವುಗಳ ಸುತ್ತ ಪೆನ್ಸಿಲ್‌ನಿಂದ ಎಳೆದಂತಹ ಕಪ್ಪು ಗೆರೆ ಕಾಣಿಸಿತು. ವೇಗವಾಗಿ ಬಡಿಯುವ ರೆಕ್ಕೆಯ ಮೋಷನ್ ಬ್ಲರ್‌ನಲ್ಲಿ ಅದು ಇನ್ನೂ ದಪ್ಪ. ಇದು ತಂತ್ರಾಂಶದ ದೋಷವಲ್ಲ, ಲೆಕ್ಕದ ವಿಷಯ. ಪಿಎನ್‌ಜಿ ಚಿತ್ರ ಕಡತದಲ್ಲಿ ಬಣ್ಣ ಮತ್ತು ಆಲ್ಫಾ (ಪಿಕ್ಸೆಲ್ ಎಷ್ಟು ಅಪಾರದರ್ಶಕ ಎಂದು 0ಯಿಂದ 1ರವರೆಗೆ ಹೇಳುವ ಅಂಕಿ) ಬೇರೆ ಬೇರೆಯಾಗಿರುತ್ತವೆ. ಇಎಕ್ಸ್‌ಆರ್ ಎಂಬ ಇನ್ನೊಂದು ಬಗೆಯ ಚಿತ್ರ ಕಡತದಲ್ಲಿ ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿರಲಾಗುತ್ತದೆ. ಪರೀಕ್ಷಾ ಫ್ರೇಮ್‌ಗಳನ್ನು ಪಿಎನ್‌ಜಿಯಲ್ಲಿ ತೆಗೆದು, ಅದಕ್ಕೆಂದು ಆಲ್ಫಾದಿಂದ ಗುಣಿಸುವಂತೆ ಜೋಡಿಸಿದ ನೋಡ್‌ಗಳಿಗೇ (ಒಂದೊಂದು ಕೆಲಸ ಮಾಡುವ ಘಟಕಗಳಿಗೇ) ಅಂತಿಮ ಇಎಕ್ಸ್‌ಆರ್ ಕೊಟ್ಟರೆ ಗುಣಾಕಾರ ಎರಡು ಬಾರಿ ನಡೆಯುತ್ತದೆ. ಅಂಚಿನ ಒಂದು ಪಿಕ್ಸೆಲ್ ತೆಗೆದುಕೊಳ್ಳಿ: ಗರಿಯ ಬಣ್ಣ 0.8, ಆಲ್ಫಾ 0.5, ಹಿಂದಿನ ಆಕಾಶ 0.9. ಇಎಕ್ಸ್‌ಆರ್‌ನಲ್ಲಿ ಆ ಬಣ್ಣ 0.4 ಎಂದಿರುತ್ತದೆ, ಅದಕ್ಕೆ ಆಕಾಶದ ಅರ್ಧ, ಅಂದರೆ 0.45 ಸೇರಿದರೆ 0.85 ಬರಬೇಕು. ಮತ್ತೊಮ್ಮೆ ಗುಣಿಸಿದರೆ 0.4 ಇದ್ದದ್ದು 0.2 ಆಗಿ, ಮೊತ್ತ 0.65ಕ್ಕೆ ಇಳಿಯುತ್ತದೆ. ಗರಿ, ಆಕಾಶ ಎರಡಕ್ಕಿಂತಲೂ ಕಪ್ಪಾದ ಆ ಪಿಕ್ಸೆಲ್‌ಗಳ ಸಾಲೇ ನಮಗೆ ಗೆರೆಯಾಗಿ ಕಾಣುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ತೊಡಕು ಬಣ್ಣ ತಿದ್ದುವಾಗಿನದು. ಗುಣಿಸಿದ ಚಿತ್ರದ ಮೇಲೆ ನೇರವಾಗಿ ಗಾಮಾ (ನಡುವಿನ ಛಾಯೆಗಳ ಹೊಳಪು) ಬದಲಿಸಿದರೆ ಅಂಚಿನ ಪಿಕ್ಸೆಲ್‌ಗಳು ಒಳಗಿನವುಗಳಿಗಿಂತ ಬೇರೆಯಾಗಿ ಬದಲಾಗುತ್ತವೆ. ಆದ್ದರಿಂದ ಮೊದಲು ಆಲ್ಫಾದಿಂದ ಭಾಗಿಸಿ, ತಿದ್ದಿ, ಮತ್ತೆ ಗುಣಿಸಬೇಕು. ನ್ಯೂಕ್‌ನ ಗ್ರೇಡ್ ನೋಡ್‌ನಲ್ಲಿ ಇದಕ್ಕೆಂದೇ ಅನ್‌ಪ್ರೀಮಲ್ಟ್ ಆಯ್ಕೆ ಇದೆ. ಫ್ಯೂಷನ್‌ನ ಕಲರ್ ಕರೆಕ್ಟರ್‌ನಲ್ಲಿ ಪ್ರೀ-ಡಿವೈಡ್, ಪೋಸ್ಟ್-ಮಲ್ಟಿಪ್ಲೈ ಎಂಬ ಟಿಕ್ ಇದೆ. ಬ್ಲೆಂಡರ್‌ನಲ್ಲಿ ತಿದ್ದುವ ನೋಡ್‌ನ ಹಿಂದೆ ಮುಂದೆ ಆಲ್ಫಾ ಕನ್ವರ್ಟ್ ನೋಡ್‌ಗಳನ್ನು ಇಡಬೇಕು. ಸರಿಯಾಗಿ ಮಾಡಿದರೆ ಮೂರರಲ್ಲೂ ಅಂಚು ಶುದ್ಧವಾಗಿಯೇ ಬರುತ್ತದೆ. ಆದರೆ ತಪ್ಪು ಎಲ್ಲಿದೆ ಎಂದು ಹುಡುಕುವಾಗ ನ್ಯೂಕ್‌ನಷ್ಟು ನೆರವು ನನಗೆ ಬೇರೆಲ್ಲೂ ಸಿಗಲಿಲ್ಲ. ಯಾವ ನೋಡನ್ನಾದರೂ ಒಂದು ಕೀಲಿಯಿಂದ ವ್ಯೂಯರ್‌ಗೆ ಜೋಡಿಸಿ, ಎ ಒತ್ತಿ ಆಲ್ಫಾ ನೋಡಿ, ಅಂಚಿನ ಮೇಲೆ ಕರ್ಸರ್ ಇಟ್ಟು ಅಂಕಿಗಳನ್ನು ಓದುತ್ತ ಹೋದರೆ, 0.4 ಯಾವ ನೋಡ್‌ನಲ್ಲಿ 0.2 ಆಯಿತು ಎಂಬುದು ಕಣ್ಣೆದುರೇ ಸಿಕ್ಕಿಬೀಳುತ್ತದೆ.

ಬ್ಲೆಂಡರ್‌ನ ಕಂಪಾಸಿಟರ್‌ನಲ್ಲಿ ಇನ್ನೊಂದು ಎಚ್ಚರ ಬೇಕು. 4.0 ಆವೃತ್ತಿಯಿಂದ ಪೂರ್ವನಿಯೋಜಿತವಾಗಿರುವ ಎಜಿಎಕ್ಸ್ ಎಂಬ ವ್ಯೂ ಟ್ರಾನ್ಸ್‌ಫಾರ್ಮ್ (ಬಣ್ಣಗಳನ್ನು ಪರದೆಗೆ ಹೊಂದಿಸುವ ವಿಧಾನ), ಹಿನ್ನೆಲೆಯ ವಿಡಿಯೊವನ್ನೂ ಮಂಕಾಗಿಸುತ್ತದೆ. ವ್ಯೂ ಟ್ರಾನ್ಸ್‌ಫಾರ್ಮನ್ನು ಸ್ಟ್ಯಾಂಡರ್ಡ್‌ಗೆ ಇಟ್ಟುಕೊಂಡೇ ಬೆಳಕು ಹೊಂದಿಸುವುದು ಒಳ್ಳೆಯದು.

ಹಲವು ಪಾಸ್‌ಗಳಿರುವ (ನೆರಳು, ಪ್ರತಿಫಲನದಂತಹವನ್ನು ಬೇರೆ ಬೇರೆ ಪದರಗಳಾಗಿ ಇಟ್ಟಿರುವ) ಇಎಕ್ಸ್‌ಆರ್ ಅನ್ನು ನ್ಯೂಕ್ ಒಂದೇ ರೀಡ್ ನೋಡ್‌ನಲ್ಲಿ ತೆರೆಯುತ್ತದೆ. ಬೇಕಾದ ಪಾಸನ್ನು ಶಫಲ್ ನೋಡ್‌ನಿಂದ ಬೇರ್ಪಡಿಸಿದರಾಯಿತು. ಫ್ಯೂಷನ್‌ನ ದೊಡ್ಡ ಅನುಕೂಲವೆಂದರೆ ಎಡಿಟಿಂಗ್ ಮತ್ತು ಧ್ವನಿ ಅದೇ ತಂತ್ರಾಂಶದಲ್ಲಿರುವುದು. ರೆಂಡರನ್ನಂತೂ ವಿಡಿಯೊ ಕಡತವಾಗಿ ಅಲ್ಲ, ಬಿಡಿ ಫ್ರೇಮ್‌ಗಳಾಗಿಯೇ ಉಳಿಸಿ. ನಡುವೆ ಕರೆಂಟು ಹೋದರೂ ಬ್ಲೆಂಡರ್‌ನ ಓವರ್‌ರೈಟ್ ಆಯ್ಕೆಯ ಟಿಕ್ ತೆಗೆದುಹಾಕಿ ನಿಂತಲ್ಲಿಂದಲೇ ಮುಂದುವರಿಸಬಹುದು.

ನ್ಯೂಕ್‌ನ ಈ ಉಚಿತ ಆವೃತ್ತಿಗೆ ಮಿತಿಗಳಿವೆ: ಔಟ್‌ಪುಟ್ 1920×1080ಕ್ಕೆ ನಿಲ್ಲುತ್ತದೆ, ಎಚ್.264 ವಿಡಿಯೊ ಬರೆಯಲಾಗುವುದಿಲ್ಲ, ಹಣ ಪಡೆದು ಮಾಡುವ ಕೆಲಸಕ್ಕೆ ಬಳಸುವಂತಿಲ್ಲ. ನನ್ನ ಪ್ರಾಜೆಕ್ಟ್ ಎಚ್‌ಡಿಯಲ್ಲೇ ಒಪ್ಪಿಸಬೇಕಾಗಿದ್ದರಿಂದ ಮೊದಲನೆಯದು ಅಡ್ಡಿಯಾಗಲಿಲ್ಲ. ಮುಂದೆ ಸ್ಟುಡಿಯೊದಲ್ಲಿ ಕಂಪಾಸಿಟರ್ ಆಗುವ ಬಯಕೆ ಇರುವುದರಿಂದ, ಅಲ್ಲಿ ಬಳಕೆಯಲ್ಲಿರುವ ತಂತ್ರಾಂಶವನ್ನೇ ಈಗಲೇ ರೂಢಿಸಿಕೊಳ್ಳುವುದು ನನಗೆ ಮುಖ್ಯವಾಯಿತು. 4ಕೆ ಬೇಕಾದವರು, ಇಡೀ ಕಿರುಚಿತ್ರವನ್ನು ಒಬ್ಬರೇ ಮುಗಿಸುವವರು ಫ್ಯೂಷನ್ ಹಿಡಿಯಲಿ. ನಾನು ನ್ಯೂಕ್‌ನಿಂದ ಇಎಕ್ಸ್‌ಆರ್ ಫ್ರೇಮ್‌ಗಳನ್ನು ತೆಗೆದು, ರಿಸಾಲ್ವ್‌ನಲ್ಲಿ ಧ್ವನಿ ಸೇರಿಸಿ ವಿಡಿಯೊ ಮಾಡಿ ಒಪ್ಪಿಸಿದೆ.