ಒದ್ದೆಯಾದ ಕಿವಿ ಮೆಷಿನ್ನನ್ನು ಅಕ್ಕಿ ಡಬ್ಬಿಗೆ ಹಾಕಬೇಡಿ

ಕಳೆದ ಆಷಾಢದ ಒಂದು ಭಾನುವಾರ. ಸಾಗರದಲ್ಲಿ ಜಡಿಮಳೆ. ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ, ತಂಗಿಯ ಫೋನ್ ಬಂತು. ಮಾತಾಡೋಕೆ ಅಂತ ಎರಡೂ ಕಿವಿ ಮೆಷಿನ್ ಮತ್ತೆ ಹಾಕಿಕೊಂಡೆ. ಮಾತು ಮುಗಿಸಿ ಹಾಗೇ ಬಚ್ಚಲಿಗೆ ಹೋದೆ.

ಹಂಡೆಯಿಂದ ಮೊದಲ ಚೊಂಬು ಸುರಿದುಕೊಂಡಾಗ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದಾಯಿತು. ಸ್ನಾನ ಮಾಡುವಾಗ ನನಗೆ ಅಷ್ಟು ಜೋರಾಗಿ ಏನೂ ಕೇಳಿಸಬಾರದು! ಅರ್ಥ ಆಗುವಷ್ಟರಲ್ಲಿ ಬಲಗಿವಿ ಮೌನ. ಎಡಗಡೆಗೆ ಬರೀ ಎರಚಲು ಬಿದ್ದಿತ್ತು, ಅದು ಬಚಾವ್.

ನೀರು ಬಿದ್ದಿದ್ದಕ್ಕಿಂತ ಆಮೇಲೆ ನಾನು ಮಾಡಿದ್ದೇ ಜಾಸ್ತಿ ಕೆಟ್ಟದ್ದು. ಮೊದಲು, ಬ್ಯಾಟರಿ ಬಾಗಿಲು ತೆಗೆದು, ಹಾಕಿ, "ಬಂತಾ, ಬಂತಾ" ಅಂತ ಐದಾರು ಸಲ ಆನ್ ಮಾಡಿ ನೋಡಿದೆ. ಒಳಗೆ ನೀರು ಇರುವಾಗ ಕರೆಂಟ್ ಹರಿದರೆ ಲೋಹ ಬೇಗ ತಿಂದುಹೋಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಅತ್ತೆ "ಹಂಡೆ ಒಲೆ ಹತ್ರ ಇಡು ಮಾರಾಯ್ತಿ, ಬೆಚ್ಚಗಿರತ್ತೆ" ಅಂದರು. ನಮ್ಮನೆಯವರು "ಅಕ್ಕಿ ಡಬ್ಬಿಗೆ ಹಾಕು, ನನ್ನ ಮೊಬೈಲ್ ಸರಿಯಾಗಿತ್ತಲ್ಲ" ಅಂದರು. ಒಲೆ ಬೇಡ ಅನ್ನುವಷ್ಟು ಬುದ್ಧಿ ಇತ್ತು. ಅಕ್ಕಿಗೆ ಹಾಕಿದೆ, ಬ್ಯಾಟರಿ ಸಮೇತ.

ಮಾರನೇ ದಿನ ಮೆಷಿನ್ ಮಾತಾಡಿತು! ನಾನು ಮೋಸ ಹೋಗಿದ್ದು ಇಲ್ಲೇ. ಸರಿಯಾಯಿತು ಅಂತ ಸುಮ್ಮನಾದೆ. ನಾಲ್ಕನೇ ದಿನ ಕರಕರ ಶುರುವಾಯಿತು, ಹಪ್ಪಳ ಮುರಿದ ಹಾಗೆ. ಆರನೇ ದಿನ ಪೂರ್ತಿ ನಿಂತುಹೋಯಿತು.

ಶಿವಮೊಗ್ಗದಲ್ಲಿ ಆಡಿಯಾಲಜಿಸ್ಟ್ (ಕಿವಿ ಕೇಳಿಸುವುದನ್ನು ಪರೀಕ್ಷೆ ಮಾಡುವವರು) ಅದನ್ನು ಬಿಚ್ಚಿ ಭೂತಗನ್ನಡಿ ಕೆಳಗೆ ತೋರಿಸಿದರು. ಬ್ಯಾಟರಿ ತಾಗುವ ಪಟ್ಟಿಯ ಮೇಲೆ ಹಿತ್ತಾಳೆ ಪಾತ್ರೆಯ ಕಿಲುಬಿನಂಥ ಹಸಿರು. ಮೈಕಿನ ಸೂಜಿಮೊನೆಯಷ್ಟು ತೂತಿನಲ್ಲಿ ಬಿಳೀ ಹಿಟ್ಟು, ನಮ್ಮನೆ ಅಕ್ಕಿಯದೇ. ಅದರ ಜೊತೆ ಎಣ್ಣೆ, ಸೀಗೆಪುಡಿ. ರಿಪೇರಿಗೆ 11,000 ರೂಪಾಯಿ. ವಾರಂಟಿ ಮುಗಿದು ವರ್ಷವಾಗಿತ್ತು.

"ಡಬ್ಬದ ಮೇಲೆ ಐಪಿ68 ಅಂತ ಇತ್ತಲ್ಲ ಮೇಡಂ?" ಅಂತ ಕೇಳಿದೆ. ಆರು ಅಂದರೆ ದೂಳು ಒಳಗೆ ಹೋಗಲ್ಲ, ಎಂಟು ಅಂದರೆ ಕಂಪನಿ ಹೇಳಿದಷ್ಟು ಆಳದ ನೀರಲ್ಲಿ, ಹೇಳಿದಷ್ಟು ಹೊತ್ತು ಮುಳುಗಿದರೂ ತಡೆಯುತ್ತದೆ. ಆದರೆ ಆ ಪರೀಕ್ಷೆ ಹೊಸ ಮೆಷಿನ್ನಿಗೆ, ಬರೀ ಸಿಹಿನೀರಲ್ಲಿ. ಸೋಪು, ಬಿಸಿನೀರು, ಸಮುದ್ರದ ನೀರು ಅದರ ಲೆಕ್ಕಕ್ಕೇ ಬರಲ್ಲ. ನನ್ನದಕ್ಕೆ ನಾಲ್ಕು ವರ್ಷ, ಸೀಲೆಲ್ಲ ಸವೆದಿತ್ತು. ಮಾರುವಾಗ "ನೀರಿಗೆ ಏನೂ ಆಗಲ್ಲ" ಅಂದವರು ಇದನ್ನು ಹೇಳಿರಲಿಲ್ಲ.

ಆಡಿಯಾಲಜಿಸ್ಟ್ ಹೇಳಿದ್ದು ಇಷ್ಟು. ಒದ್ದೆಯಾದ ಕೂಡಲೇ ಬ್ಯಾಟರಿ ತೆಗೆದು ಬಿಸಾಡಿ. ಕಂದು ಸ್ಟಿಕ್ಕರಿನ 312 ಇರಲಿ, ಕಿತ್ತಳೆಯ 13 ಇರಲಿ, ಇವು ಸಣ್ಣ ತೂತಿನಿಂದ ಗಾಳಿ ಎಳೆದುಕೊಂಡು ನಡೆಯುವ ಬ್ಯಾಟರಿಗಳು. ಆ ತೂತಿಗೆ ನೀರು ಕೂತರೆ ಮುಗಿಯಿತು. ಎಷ್ಟೋ ಸಲ ಮೆಷಿನ್ ಚೆನ್ನಾಗೇ ಇರುತ್ತದೆ, ಸತ್ತಿರುವುದು ಬ್ಯಾಟರಿ. ಹತ್ತಿ ಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದೇ ಇಟ್ಟು, ತೇವ ಹೀರುವ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಬಿಡಿ. ಬಿಸಿಗಾಳಿ ಬೇಡ, ಬಿಸಿಲೂ ಬೇಡ. ಚಾರ್ಜ್ ಮಾಡುವ ಮೆಷಿನ್ನಾದರೆ ಒಣಗುವವರೆಗೂ ಚಾರ್ಜರಿಗೆ ಇಡಲೇಬೇಡಿ. ಸೋಪೋ ಎಣ್ಣೆಯೋ ಹೋಗಿದ್ದರೆ, ಸದ್ದು ಬಂದರೂ ಒಮ್ಮೆ ತೋರಿಸಿ.

ಎಡಗಡೆಯದು ಇವತ್ತಿಗೂ ನಡೀತಿದೆ. ಬಚ್ಚಲ ಬಾಗಿಲ ಚಿಲಕದ ಪಕ್ಕ ಈಗ ಒಂದು ಮೊಳೆ ಹೊಡೆದಿದ್ದೇನೆ. ಅದರಲ್ಲಿ ಮೆಷಿನ್ ಡಬ್ಬಿಯ ಚೀಲ ತೂಗುತ್ತಿರುತ್ತದೆ. ಚಿಲಕಕ್ಕೆ ಕೈ ಹಾಕಿದರೆ ಮೊದಲು ತಾಗುವುದು ಅದೇ.