ಪಾಠ ಚೆನ್ನಾಗಿದೆ, ಆದ್ರೆ ಎಲ್ಲಿದೆ ಅಂತ ನೀವೇ ಹುಡುಕ್ಕೋಬೇಕು

ಇನ್‌ಸ್ಟ್ರಕ್ಷನಲ್ ಡಿಸೈನ್ ಅಂದ್ರೆ ಕಲಿಯೋರಿಗೆ ಪಾಠನ ಹೇಗೆ ಜೋಡಿಸಿಕೊಡ್ಬೇಕು ಅನ್ನೋ ವಿದ್ಯೆ. ಅದನ್ನ ಕಲಿಸೋ ಆನ್‌ಲೈನ್ ಕೋರ್ಸಲ್ಲೇ ಮೊದಲ್ನೇ ಪಾಠ ಎಲ್ಲಿದೆ ಅಂತ ಅರ್ಧ ಗಂಟೆ ತಡಕಾಡಿದೀನಿ ನಾನು. ಹೆಸರು ಬೇಡ ಬಿಡಿ, ಆರು ವಾರದ ಕೋರ್ಸು, ಈಗಷ್ಟೇ ಮುಗೀತು, ಸಿಟ್ಟೂ ಸ್ವಲ್ಪ ಇಳಿದಿದೆ.

ಲಾಗಿನ್ ಆದ್ರೆ 'ಮಾಡ್ಯೂಲ್ಸ್' ಬೇರೆ, 'ಕಂಟೆಂಟ್' ಬೇರೆ, 'ರಿಸೋರ್ಸಸ್' ಇನ್ನೊಂದು, ಮೂರರಲ್ಲೂ ಇರೋದು ಪಾಠನೇ. ವಿಡಿಯೋ ಒಂದ್ಕಡೆ, ಅದರ ಸ್ಲೈಡ್ ಇನ್ನೊಂದ್ಕಡೆ, ಮೊದಲ್ನೇ ದಿನಾನೇ ಬೇಕಾಗೋ ಸಿಲಬಸ್ ಪಿಡಿಎಫ್ ಹೋಗಿ ಮೂರನೇ ವಾರದ ಫೋಲ್ಡರಲ್ಲಿ ಕೂತಿದೆ. ಅಸೈನ್‌ಮೆಂಟ್ ಡೇಟು ಕ್ಯಾಲೆಂಡರಲ್ಲಿ ಒಂದು, ಸಿಲಬಸಲ್ಲಿ ಇನ್ನೊಂದು. ನಾನು ಕ್ಯಾಲೆಂಡರ್ ನಂಬಿ ಕೆಟ್ಟೆ.

ಎರಡನೇ ವಾರದ ಕ್ವಿಜ್ ಅಂತೂ ಓಪನ್ನೇ ಆಗ್ಲಿಲ್ಲ, ವಿಡಿಯೋ ಪೂರ್ತಿ ನೋಡಿದೀನಿ, ಲಾಗೌಟ್ ಮಾಡಿ ಬಂದೆ, ಬ್ರೌಸರ್ ಬದಲಾಯಿಸಿದೆ, ಕೊನೆಗೆ ನೋಡಿದ್ರೆ ಪೇಜಿನ ತಳದಲ್ಲಿ ಬೂದು ಬಣ್ಣದ ಒಂದು ಪುಟಾಣಿ ಚೌಕ, ಅದಕ್ಕೆ ಟಿಕ್ ಹಾಕಿದ್ರೆ ಮಾತ್ರ ಪಾಠ ಮುಗಿದ ಲೆಕ್ಕ ಅಂತೆ! ಆ ಪಾಠ ಯಾವ್ದು ಗೊತ್ತಾ? ಕಾಗ್ನಿಟಿವ್ ಲೋಡ್. ಶಿಕ್ಷಣ ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ 1988ರಿಂದ ಬೆಳೆಸ್ಕೊಂಡು ಬಂದ ಥಿಯರಿ, ಕಲಿಯೋರ ತಲೇಲಿ ಒಂದೇ ಸಲಕ್ಕೆ ಹಿಡಿಯೋದು ಸ್ವಲ್ಪನೇ, ಅದನ್ನ ಬೇಡದ್ದಕ್ಕೆ ಖರ್ಚು ಮಾಡಿಸ್ಬೇಡಿ ಅಂತ. ಉದಾಹರಣೆಗೆ ಆ ಪೇಜೇ ಸಾಕಾಗಿತ್ತು.

ಪಾಠಗಳು ಮಾತ್ರ ನಿಜವಾಗ್ಲೂ ಚೆನ್ನಾಗಿವೆ. ಆಡಿ (ADDIE) ಮಾಡೆಲ್, ಅಂದ್ರೆ ಕೋರ್ಸನ್ನ ಹಂತಹಂತವಾಗಿ ಕಟ್ಟೋ ಕ್ರಮ, 1975ರ ಸುಮಾರಿಗೆ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿ ಅಮೆರಿಕದ ಸೈನ್ಯಕ್ಕೆ ಮಾಡಿಕೊಟ್ಟ ಕೆಲಸದಿಂದ ಬಂದದ್ದು, ಅದರ ಐದು ಹಂತನೂ ಒಂದೇ ಉಸಿರಲ್ಲಿ ಒಪ್ಪಿಸಿಬಿಡದೆ ಮೊದಲ್ನೇದಾದ ಅನಾಲಿಸಿಸ್‌ಗೇ ಒಂದು ವಾರ ಕೊಟ್ಟಿದಾರೆ. ಇಲ್ಲಿ ಟ್ರೇನಿಂಗ್ ಬೇಕಾ ಇಲ್ವಾ ಅನ್ನೋದೇ ಮೊದಲ ಪ್ರಶ್ನೆ. ಸಿಬ್ಬಂದಿ ಒಂದು ಫಾರ್ಮನ್ನ ಪದೇಪದೇ ತಪ್ಪು ತುಂಬ್ತಾರೆ, ಕೋರ್ಸ್ ಮಾಡಿಕೊಡಿ ಅಂತ ಮ್ಯಾನೇಜರ್ ಕೇಳ್ತಾರೆ, ಹೋಗಿ ನೋಡಿದ್ರೆ ಫಾರ್ಮಲ್ಲಿ ಎರಡು ಕಾಲಂಗೂ ಒಂದೇ ಹೆಸರು. ಕೋರ್ಸ್ ಯಾಕೆ, ಫಾರ್ಮ್ ಸರಿಮಾಡಿ ಸಾಕು. ಈ ಕೇಸ್ ನಂಗೆ ತುಂಬಾ ಹಿಡಿಸ್ತು.

ಕಲಿಕೆಯ ಗುರಿಗಳನ್ನ ಮೆಟ್ಟಿಲುಮೆಟ್ಟಿಲಾಗಿ ವಿಂಗಡಿಸೋ ಬ್ಲೂಮ್ಸ್ ಟ್ಯಾಕ್ಸಾನಮಿ ಪಾಠನೂ ಗಟ್ಟಿ, 1956ರದ್ದು ಹಾಗೂ 2001ರಲ್ಲಿ ತಿದ್ದಿದ್ದು ಎರಡೂ ಇದೆ. ನಾನು 'ದೂರುಗಳ ಬಗ್ಗೆ ತಿಳಿದುಕೊಳ್ಳುತ್ತಾರೆ' ಅಂತ ಬರೆದ ಅಬ್ಜೆಕ್ಟಿವ್, ಅಂದ್ರೆ ಕಲಿಕೆಯ ಗುರಿ, ವಾಪಸ್ ಬಂತು, ತಿಳಿದಿದೆ ಅಂತ ಹೇಗೆ ನೋಡ್ತೀರಿ ಅಂತ ಕೇಳಿದ್ರು. 'ಬಂದ ದೂರನ್ನು ಸರಿಯಾದ ವಿಭಾಗಕ್ಕೆ ವಿಂಗಡಿಸುತ್ತಾರೆ' ಅಂದಾಗ ಪಾಸ್. ಸ್ಕಾರ್ಮ್ (SCORM), ಅಂದ್ರೆ ಒಂದು ಕೋರ್ಸು ಬೇರೆಬೇರೆ ಕಲಿಕಾ ಸಾಫ್ಟ್‌ವೇರಲ್ಲೂ ಓಡೋ ಹಾಗೆ ಪ್ಯಾಕ್ ಮಾಡೋ ಸ್ಟ್ಯಾಂಡರ್ಡ್, ಆ ಪಾಠ ಸುಮಾರು, ಎಕ್ಸ್‌ಪೋರ್ಟ್ ಬಟನ್ ತೋರಿಸಿ ಕೈತೊಳ್ಕೊಂಡಿದಾರೆ.

ಇಂಥದ್ದಕ್ಕೆ ಸೇರಿದ್ರೆ ಮೊದಲು ಗ್ರೇಡ್ಸ್ ಪೇಜ್ ತೆಗೀರಿ. ಮಾರ್ಕ್ಸ್ ಇರೋ ಎಲ್ಲಾ ಕೆಲಸನೂ ಅಲ್ಲಿ ಸಾಲಾಗಿ ಇರತ್ತೆ, ಒಂದೊಂದನ್ನೇ ಹಿಡ್ಕೊಂಡು ಅದಕ್ಕೆ ಯಾವ ಪಾಠ ಬೇಕು ಅಂತ ಹಿಂದಕ್ಕೆ ಹೋಗಿ. ನಾನು ಒಂದು ಹಾಳೇಲಿ ಹಾಗೆ ಬರ್ಕೊಂಡ್ಮೇಲೇ ದಾರಿ ಸಿಕ್ಕಿದ್ದು. ನಾಲ್ಕನೇ ವಾರದಲ್ಲಿ ಗೊತ್ತಾಯ್ತು, ಕೊನೆಯಿಂದ ಹಿಂದಕ್ಕೆ ಯೋಚಿಸೋ ಈ ಕ್ರಮಕ್ಕೆ ಬ್ಯಾಕ್‌ವರ್ಡ್ ಡಿಸೈನ್ ಅಂತ ಹೆಸರೇ ಇದೆ.

ಕೊನೆಗೊಂದು ಫೀಡ್‌ಬ್ಯಾಕ್ ಫಾರ್ಮ್ ಬಂತು. ವಿಡಿಯೋ ಹೇಗಿತ್ತು, ಟೀಚರ್ ಹೇಗಿದ್ರು, ಎಲ್ಲಾ ಕೇಳಿದಾರೆ. ಪಾಠ ಸಿಕ್ತಾ ಅಂತ ಮಾತ್ರ ಕೇಳಿಲ್ಲ.