ಮುಂಬೈ ಕ್ರೂಸೋ, ಕೊಚ್ಚಿಯ ದ್ವೀಪದ ಹಡಗೋ: ಮೊದಲ ದಿನದ ಹೋಲಿಕೆ

ಕಾಸರಗೋಡಿನಿಂದ ಮನೆಮಂದಿಯೆಲ್ಲ ಹಡಗು ಹತ್ತಬೇಕೆಂದರೆ ಎರಡು ದಾರಿ. ಬಡಗು ದಿಕ್ಕಿಗೆ ಹೋದರೆ ಮುಂಬೈಯ ಖಾಸಗಿ ಕ್ರೂಸ್, ತೆಂಕಿಗೆ ಹೋದರೆ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೊರಡುವ ಸರಕಾರಿ ಹಡಗು. ಎರಡರಲ್ಲೂ ಮಕ್ಕಳು, ಅಜ್ಜ–ಅಜ್ಜಿಯರ ಸಮೇತ ಹೋಗಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಮೊದಲ ಸಲ ಹೋಗುವ ಕುಟುಂಬಕ್ಕೆ ಮುಂಬೈಯ ಮೊದಲ ದಿನ ಸುಲಭ, ಖರ್ಚು ಹೆಚ್ಚು. ಕೊಚ್ಚಿಯದ್ದು ಕಷ್ಟ. ಆದರೆ ಸಮುದ್ರವನ್ನು ಸಮುದ್ರವಾಗಿಯೇ ನೋಡುವ ಆಸೆಯಿದ್ದರೆ ಅದೇ ಸರಿ.

ಕಾಗದಪತ್ರದ ಕೆಲಸ ಕೊಚ್ಚಿಗೇ ಜಾಸ್ತಿ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಅದಿಲ್ಲದೆ ಟಿಕೆಟ್ ಇದ್ದೂ ಪ್ರಯೋಜನವಿಲ್ಲ. ಮುಂಬೈಯಿಂದ ಗೋವಾ ಕಡೆಗೆ ಹೋಗಿ ಬರುವ ಕ್ರೂಸಿಗೆ ಗುರುತಿನ ಚೀಟಿ ಸಾಕು, ಮುಂಚಿತವಾಗಿ ವೆಬ್ ಚೆಕ್-ಇನ್ ಮಾಡಿರಬೇಕು. ಎರಡು ಕಡೆಯೂ ನಮ್ಮೂರಿನವರು ಸಿಕ್ಕಿಬೀಳುವುದು ಹೆಸರಿನ ವಿಷಯದಲ್ಲಿ. ಮಗುವಿನ ಜನನ ಪ್ರಮಾಣಪತ್ರದಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಬಂದ ಕಾಗುಣಿತ ಒಂದು, ಆಧಾರ್‌ನಲ್ಲಿ ಮತ್ತೊಂದು. ಮನೆ ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಹಡಗಿನ ಕೌಂಟರಿಗೆ ಯಾವ ಕಾರ್ಡು ತೋರಿಸುತ್ತೀರೋ ಅದರಲ್ಲಿರುವ ಹಾಗೇ, ಅಕ್ಷರಕ್ಕೆ ಅಕ್ಷರ ಟಿಕೆಟ್ ಮಾಡಿಸಿ.

ರೈಲಿನ ವಿಷಯ. ಕಾಸರಗೋಡಿನಿಂದ ಬೆಳಗ್ಗಿನ ವಂದೇ ಭಾರತ್ ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಎರ್ನಾಕುಳಂ. ಮಾವೇಲಿ, ಮಲಬಾರ್ ಎರಡೂ ಸಂಜೆ ಹೊರಟು ನಡುರಾತ್ರಿ ಕಳೆದ ಮೇಲೆ ಇಳಿಸುತ್ತವೆ, ಮಲಗಿದ ಮಕ್ಕಳನ್ನು ಎತ್ತಿಕೊಂಡು ಇಳಿಯುವುದು ಬೇಡ. ಮುಂಬೈಗೆ ನೇತ್ರಾವತಿ ಮರುದಿನ ಸಂಜೆಗೆ ಕುರ್ಲಾ ಟರ್ಮಿನಸ್ ತಲುಪುತ್ತದೆ. ಮಂಗಳೂರಿನಿಂದ ಮತ್ಸ್ಯಗಂಧ ಹಿಡಿದರೆ ಬೆಳಗ್ಗೆಯೇ ಮುಂಬೈ, ಅದೇ ದಿನ ಹಡಗು ಹತ್ತಬಹುದು ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಕೊಂಕಣ ದಾರಿಯಲ್ಲಿ ಗಾಡಿ ತಡವಾದರೆ ಹಡಗು ಕಾಯುವುದಿಲ್ಲ, ಹಣವೂ ಹಿಂದೆ ಬರುವುದಿಲ್ಲ. ಎರಡೂ ಊರಿಗೆ ಒಂದು ದಿನ ಮೊದಲೇ ಹೋಗಿ ತಂಗುವ ಖರ್ಚನ್ನು ಟಿಕೆಟಿನ ಜೊತೆಗೇ ಸೇರಿಸಿಕೊಳ್ಳಿ.

ಸಾಮಾನಿನ ವ್ಯವಸ್ಥೆ ತೀರಾ ಬೇರೆ. ಕ್ರೂಸಿನಲ್ಲಿ ಪೆಟ್ಟಿಗೆಗೆ ಕೋಣೆ ಸಂಖ್ಯೆಯ ಚೀಟಿ ಕಟ್ಟಿ ಬಂದರಿನಲ್ಲೇ ಒಪ್ಪಿಸುವುದು, ಅದು ಕೋಣೆ ಬಾಗಿಲಿಗೆ ಬರುವಾಗ ಕೆಲವೊಮ್ಮೆ ಸಂಜೆಯಾಗುತ್ತದೆ. ಅಷ್ಟರವರೆಗೆ ಬೇಕಾದದ್ದು ಕೈಚೀಲದಲ್ಲಿರಲಿ: ಬಿಪಿ–ಶುಗರ್ ಮಾತ್ರೆ, ಗುರುತಿನ ಚೀಟಿ, ಮಕ್ಕಳಿಗೆ ಒಂದು ಜೊತೆ ಬಟ್ಟೆ, ಈಜುಡುಪು. ಈಜುಡುಪನ್ನು ಜನ ಮರೆಯುತ್ತಾರೆ. ಮೊದಲ ದಿನ ಮಧ್ಯಾಹ್ನ ಎಲ್ಲರೂ ಊಟದ ಸಾಲಿನಲ್ಲಿರುವಾಗಲೇ ಈಜುಕೊಳ ಖಾಲಿ ಇರುವುದು. ಇಸ್ತ್ರಿಪೆಟ್ಟಿಗೆ, ವಿದ್ಯುತ್ ಕೆಟಲ್, ಎಕ್ಸ್‌ಟೆನ್ಶನ್ ಬಾಕ್ಸ್ ಪೆಟ್ಟಿಗೆಯಲ್ಲಿದ್ದರೆ ಬೆಂಕಿಯ ಭಯಕ್ಕೆ ತೆಗೆದಿಟ್ಟುಕೊಳ್ಳುತ್ತಾರೆ, ಪೆಟ್ಟಿಗೆ ಮತ್ತೂ ತಡ. ಮಗುವಿನ ಹಾಲಿಗೆ ಬಿಸಿನೀರು ಬೇಕಿದ್ದರೆ ಒಳ್ಳೆಯ ಫ್ಲಾಸ್ಕ್ ಒಯ್ಯಿರಿ, ಊಟದ ಕೋಣೆಯಲ್ಲಿ ತುಂಬಿಸಿಕೊಳ್ಳಬಹುದು. ದ್ವೀಪದ ಹಡಗಿನಲ್ಲಿ ನಿಮ್ಮ ಹೊರೆ ನಿಮ್ಮ ತೋಳಿಗೇ ಎಂದು ಲೆಕ್ಕ ಹಾಕಿ ಹೊರಡಿ. ಚಕ್ರದ ದೊಡ್ಡ ಸೂಟ್‌ಕೇಸಿಗಿಂತ ಹೆಗಲಿಗೆ ಹಾಕುವ ಎರಡು ಚೀಲ ಲೇಸು. ಮದ್ಯ ಒಯ್ಯಲೇಬಾರದು, ಬಂಗಾರಂ ದ್ವೀಪ ಒಂದನ್ನು ಬಿಟ್ಟರೆ ಲಕ್ಷದ್ವೀಪದಲ್ಲಿ ಪಾನನಿಷೇಧವಿದೆ.

ಕೋಣೆ ಆರಿಸುವಾಗ ತಪ್ಪುವುದು ಹೀಗೆ. ದ್ವೀಪದ ಹಡಗಿನ ಫಸ್ಟ್ ಕ್ಲಾಸಿನಲ್ಲಿ ಕೋಣೆಗೆ ಎರಡು ಮಂಚ, ಸೆಕೆಂಡ್ ಕ್ಲಾಸಿನಲ್ಲಿ ನಾಲ್ಕು. ನಾಲ್ವರ ಕುಟುಂಬ ಹೆಚ್ಚು ಹಣ ಕೊಟ್ಟು ಫಸ್ಟ್ ಕ್ಲಾಸ್ ಮಾಡಿಸಿದರೆ ರಾತ್ರಿ ಎರಡು ಪಾಲಾಗುತ್ತದೆ. ಸೆಕೆಂಡ್ ಕ್ಲಾಸಿನಲ್ಲಿ ಬಾಗಿಲು ಹಾಕಿಕೊಂಡರೆ ಅದೇ ಒಂದು ಮನೆ. ಎಲ್ಲರೂ ಒಂದೇ ಕಡೆ ಮಲಗುವ ಬಂಕ್ ಕ್ಲಾಸ್ ಅಗ್ಗ, ಗಟ್ಟಿಮುಟ್ಟಾದ ಹುಡುಗರಿಗೆ ಸರಿ, ಮಕ್ಕಳಿರುವವರಿಗಲ್ಲ. ಕ್ರೂಸಿನಲ್ಲಿ ಕಿಟಕಿಯಿಲ್ಲದ ಒಳಕೋಣೆ ಎಲ್ಲಕ್ಕಿಂತ ಕಡಿಮೆ ದರದ್ದು. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯದು, ಸಣ್ಣ ಮಕ್ಕಳು ಹೆದರುತ್ತಾರೆ, ಬಚ್ಚಲಿನ ದೀಪ ಉರಿಸಿಯೇ ಮಲಗಬೇಕು. ಬಾಲ್ಕನಿಗೆ ದುಪ್ಪಟ್ಟು ಸುರಿಯುವುದಕ್ಕಿಂತ ಕಿಟಕಿಯ ಕೋಣೆ ಸಾಕು. ಅದೂ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಟ್ಟನಡುವೆ.

ನಡುವೆ ಯಾಕೆಂದರೆ, ಹಡಗು ಮಕ್ಕಳಾಡುವ ಸೀಸಾ ಹಲಗೆಯ ಹಾಗೆ ತೂಗುತ್ತದೆ. ತುದಿಗಳು ಏರಿಳಿಯುತ್ತವೆ, ಮಧ್ಯ ಹೆಚ್ಚು ಅಲುಗದು. ಮೇಲೆ ಹೋದಷ್ಟೂ ಅಡ್ಡಡ್ಡ ಓಲಾಟ ಜಾಸ್ತಿ. ಕ್ರೂಸ್ ಹಡಗು ದೊಡ್ಡದು, ಓಲಾಟ ತಗ್ಗಿಸುವ ರೆಕ್ಕೆಗಳೂ ನೀರೊಳಗೆ ಇರುತ್ತವೆ, ಹಾಗಾಗಿ ಮೊದಲ ರಾತ್ರಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೊಚ್ಚಿಯ ಎಂವಿ ಕವರತ್ತಿ 700 ಜನರ ಹಡಗು, ಕೋರಲ್ಸ್, ಲಗೂನ್ಸ್ 400 ಜನರವು. ದ್ವೀಪ ಮುಟ್ಟಲು 14ರಿಂದ 18 ಗಂಟೆ. ಅಳಿವೆ ದಾಟಿದ ಮೇಲೆ ಓಲಾಟ ಶುರು, ಹೊಟ್ಟೆ ತೊಳಸುವುದೂ ಆಗಲೇ. ವಾಕರಿಕೆ ತಡೆಯುವ ಅವೋಮಿನ್ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ, ಹಡಗು ಹೊರಡುವುದಕ್ಕೆ ಒಂದೆರಡು ಗಂಟೆ ಮೊದಲೇ ಆಗಬೇಕು. ಅದರಿಂದ ನಿದ್ದೆ ಎಳೆಯುತ್ತದೆ. ಗ್ಲಾಕೋಮಾ ಅಥವಾ ಪ್ರೊಸ್ಟೇಟ್ ತೊಂದರೆ ಇರುವ ಹಿರಿಯರು, ಮಕ್ಕಳು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಖಾಲಿ ಹೊಟ್ಟೆಯೂ ಕೆಟ್ಟದು, ಕರಿದದ್ದೂ ಕೆಟ್ಟದು. ಒಣ ಅವಲಕ್ಕಿ, ರಸ್ಕ್, ಚೀಪಲು ಒಣಶುಂಠಿ ಇರಲಿ. ತಲೆ ಸುತ್ತಿದಾಗ ಕೋಣೆಯಲ್ಲಿ ಕುಳಿತು ಮೊಬೈಲ್ ನೋಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಡೆಕ್ಕಿಗೆ ಬಂದು ದಿಗಂತದ ಗೆರೆಯ ಮೇಲೆ ಕಣ್ಣಿಡಿ. ಕಣ್ಣು ಕಂಡದ್ದಕ್ಕೂ ಕಿವಿಯೊಳಗಿನ ಸಮತೋಲಕ್ಕೂ ತಾಳೆಯಾದರೆ ಹೊಟ್ಟೆ ನಿಲ್ಲುತ್ತದೆ.

ಊಟಕ್ಕೆ ಕ್ರೂಸ್ ಮುಂದೆ, ಸಂಶಯವಿಲ್ಲ. ಸಸ್ಯಾಹಾರ, ಜೈನ ಅಡುಗೆ ಸಿಗುತ್ತದೆ. ಹಡಗು ಹತ್ತಿದ ಕೂಡಲೇ ಬಫೆಗೆ ನುಗ್ಗದೆ ಒಂದು ಗಂಟೆ ಕಾದರೆ ಸಾಲು ಕರಗುತ್ತದೆ. ದ್ವೀಪದ ಹಡಗಿನದ್ದು ಕೇರಳದ ಊಟ, ನಮ್ಮ ನಾಲಿಗೆಗೆ ಹೊಸದೇನಲ್ಲ. ಆದರೂ ಉಪ್ಪಿನಕಾಯಿ, ಮಾಂಬಳ ಜೊತೆಗಿದ್ದರೆ ಓಲಾಟದ ರಾತ್ರಿ ಎರಡು ತುತ್ತು ಒಳಗೆ ಹೋಗುತ್ತದೆ.

ಏಳು ಗಿಡ್ಡ, ಒಂದು ಉದ್ದ ಸೈರನ್ ಕೇಳಿದರೆ ಅದು ಅಪಾಯದ ಕರೆ. ಕ್ರೂಸಿನಲ್ಲಿ ಮೊದಲ ದಿನವೇ ಅಭ್ಯಾಸ ಮಾಡಿಸುತ್ತಾರೆ, ತಪ್ಪಿಸಿಕೊಳ್ಳುವಂತಿಲ್ಲ. ಯಾವ ಹಡಗಾದರೂ ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಲ್ಲಿದೆ ಎಂದು ಕೇಳಿ, ಒಮ್ಮೆ ತೊಡಿಸಿಯೇ ನೋಡಿ.

ದ್ವೀಪದ ಹಡಗಿನ ಮೊದಲ ದಿನ ಮುಗಿಯುವುದು ಮರುದಿನ ಬೆಳಗ್ಗೆ, ಬಹಳಷ್ಟು ಸಲ ಸಣ್ಣ ದೋಣಿಯಲ್ಲಿ. ಹವಳದಿಬ್ಬದ ಒಳಗೆ ನೀರು ಆಳವಿಲ್ಲ, ಹಡಗು ಹೊರಗೇ ನಿಲ್ಲುತ್ತದೆ. ಬದಿಯ ಬಾಗಿಲಿನಿಂದ ದೋಣಿಗೆ ಇಳಿಯಬೇಕು. ಮೊಣಕಾಲು ನೋವಿನ ಅಜ್ಜಿಗೆ ಇದು ಆದೀತೇ ಎಂದು ಟಿಕೆಟ್ ಮಾಡುವ ದಿನವೇ ಯೋಚಿಸಿ. ಇಳಿಯುವಾಗ ಕೈಯಲ್ಲಿ ಏನೂ ಇರಬಾರದು. ಚಪ್ಪಲಿಗೆ ಹಿಮ್ಮಡಿ ಪಟ್ಟಿ ಇರಲಿ. ದೋಣಿ ತೆರೆಯ ಮೇಲೆದ್ದು ಬಾಗಿಲಿನ ಮಟ್ಟಕ್ಕೆ ಬಂದಾಗ, ನಾವಿಕ ಹೇಳಿದ ಕ್ಷಣಕ್ಕೆ, ಅವನ ಮಣಿಕಟ್ಟು ಹಿಡಿದು ಒಂದೇ ಹೆಜ್ಜೆ. ದೋಣಿ ಕೆಳಗಿಳಿಯಲು ತೊಡಗಿದ್ದರೆ ಮುಂದಿನ ತೆರೆಗೆ ಕಾಯಿರಿ.